ರೀಮೇಕ್ ಚಿತ್ರವೂ ಪಳಗಿದ ಮೈಯೂ

ಹೊಸ ಚಿತ್ರವೊಂದರ ಬಿಡುಗಡೆಯ ದಿನ ಪ್ರಕಟವಾದಾಗ, ಅದು ರೀಮೇಕ್, ಅಂದರೆ ಹಿಂದೊಮ್ಮೆ ಬೇರೆ ಭಾಷೆಯಲ್ಲೋ ಬೇರೆ ನಾಡಿನಲ್ಲೋ ಬಂದ ಚಿತ್ರದ ಮರುನಿರ್ಮಾಣ ಎಂದು ತಿಳಿದೊಡನೆ ಕನ್ನಡ ಪ್ರೇಕ್ಷಕರಲ್ಲಿ ಒಂದು ವರ್ಗಕ್ಕೆ ಅದರ ಮೇಲಿನ ಆಸಕ್ತಿಯೇ ಇಳಿದುಹೋಗುತ್ತದೆ. ಈ ಬೇಸರ ಅಕಾರಣವಾದುದಲ್ಲ. ಪರಭಾಷಾ ಚಿತ್ರದ ದೃಶ್ಯಗಳನ್ನು ಹಾಗೆಯೇ ಉಳಿಸಿಕೊಂಡು ಮಾತನ್ನಷ್ಟೇ ಬದಲಿಸುವ ಡಬ್ಬಿಂಗ್ ಪದ್ಧತಿಗೆ ಕನ್ನಡ ಚಿತ್ರರಂಗ 1960ರ ದಶಕದಿಂದಲೂ ಅಲಿಖಿತ ತಡೆಯನ್ನು ಒಡ್ಡಿಕೊಂಡು ಬಂದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡುವವರೆಗೆ, ಹೊರಗೆ ಗೆದ್ದ ಕಥೆ ಕನ್ನಡಕ್ಕೆ ಬರಲು ಇದ್ದ ಮುಖ್ಯ ದಾರಿ ರೀಮೇಕೇ ಆಗಿತ್ತು. ಹೀಗೆ ಬಂದ ಚಿತ್ರಗಳಲ್ಲಿ ಹಲವು ಅವಸರದ ನಕಲುಗಳಾಗಿದ್ದುದರಿಂದ ರೀಮೇಕ್ ಎಂಬ ಹೆಸರಿಗೇ ಕಳಂಕ ಅಂಟಿತು. ಆದರೆ ಕಥೆ ಹಳೆಯದು ಎಂಬ ಒಂದೇ ಅಳತೆಗೋಲಿನಿಂದ ಚಿತ್ರವನ್ನು ಅಳೆಯುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಕರಾಟೆ, ಕುಂಗ್‌ಫೂ, ಕಳರಿಯಂಥ ಸಮರಕಲೆಗಳನ್ನು ಆಧರಿಸಿದ ಚಿತ್ರಗಳ ವಿಷಯದಲ್ಲಿ ಈ ಅಳತೆಗೋಲು ಸ್ಪಷ್ಟವಾಗಿ ಸೋಲುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಭಟ್ಕಳದ ಮಾವಳ್ಳಿಯಿಂದ ಹೊನ್ನಾವರ, ಕುಮಟಾಗಳವರೆಗಿನ ಕರಾವಳಿ ಒಳ್ಳೆಯ ನೆಲ. ಇಲ್ಲಿ ಯಕ್ಷಗಾನದ ಆಟ ನೋಡುವವರು ಗದಾಯುದ್ಧವನ್ನೋ ಕೀಚಕವಧೆಯನ್ನೋ ಮುಂದೇನಾಗುತ್ತದೆ ಎಂಬ ಕುತೂಹಲದಿಂದ ನೋಡುವುದಿಲ್ಲ. ಆಟದ ಕರಪತ್ರ ಕೈಗೆ ಬಂದರೆ ಪ್ರಸಂಗದ ಹೆಸರಿನ ಮೇಲೆ ಒಮ್ಮೆ ಹರಿದ ಕಣ್ಣು ಕೂಡಲೇ ಕಲಾವಿದರ ಪಟ್ಟಿಗೆ ಇಳಿಯುತ್ತದೆ: ಭಾಗವತರು ಯಾರು, ಕೌರವ ಯಾರದು, ಭೀಮ ಯಾರದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಮತ್ತೆ ಮತ್ತೆ ನೋಡಿದವರಿಗೆ ಆ ರಾಕ್ಷಸ ಬೂದಿಯಾಗುವುದು ಮೊದಲೇ ಗೊತ್ತಿತ್ತು; ಅವನು ಮೋಹಿನಿಯೆದುರು ಕರಗುವ ಬಗೆಯನ್ನು ಆ ರಾತ್ರಿ ಆ ಮೈ ಹೇಗೆ ತೋರಿಸೀತು ಎಂಬುದಷ್ಟೇ ಅವರಿಗೆ ಬೇಕಿತ್ತು. ಕಥೆಯನ್ನು ಮರಳಿ ಹೇಳುವುದು ಇಲ್ಲಿ ದೋಷವಲ್ಲ, ಅದು ಕಲೆಯ ನಿಯಮ.

ಆದರೆ ಈ ಹೋಲಿಕೆಗೂ ಒಂದು ಮಿತಿಯಿದೆ. ಯಕ್ಷಗಾನದಲ್ಲಿ ಪದ್ಯ ಹಳೆಯದಾದರೂ ವೇಷಧಾರಿ ಅದಕ್ಕೆ ಹೇಳುವ ಅರ್ಥ, ಅಂದರೆ ಗದ್ಯದ ಮಾತು, ಆ ಕ್ಷಣದಲ್ಲೇ ಕಟ್ಟಿದ್ದು. ಮೂಲ ಚಿತ್ರದ ಪ್ರತಿ ದೃಶ್ಯವನ್ನೂ ಅದೇ ಕೋನದಲ್ಲಿ ಇಟ್ಟು ತೆಗೆಯುವ ರೀಮೇಕಿಗೆ ಈ ಸ್ವಾತಂತ್ರ್ಯವಿಲ್ಲ, ಮತ್ತು ಅಂಥ ಚಿತ್ರವನ್ನು ಪರಂಪರೆಯ ಹೆಸರು ಹೇಳಿ ಸಮರ್ಥಿಸುವುದು ಪರಂಪರೆಗೇ ಮಾಡುವ ಅನ್ಯಾಯ.

1984ರ ಅಮೆರಿಕನ್ ಚಿತ್ರ ‘ದ ಕರಾಟೆ ಕಿಡ್’ ಮತ್ತು 2010ರಲ್ಲಿ ಬಂದ ಅದರ ಮರುನಿರ್ಮಾಣ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ. ಮೊದಲನೆಯದರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊಸದಾಗಿ ಬಂದು ಪೆಟ್ಟು ತಿನ್ನುವ ಹುಡುಗನಿಗೆ ಮಿಯಾಗಿ ಎಂಬ ಜಪಾನಿ ಮೂಲದ ಹಿರಿಯ ಕರಾಟೆ ಕಲಿಸುತ್ತಾನೆ. ಕಾರು ಉಜ್ಜಿಸಿ, ಬೇಲಿಗೆ ಬಣ್ಣ ಬಳಿಸಿ, ಆ ಕೈಯ ಚಲನೆಯೇ ಹೊಡೆತವನ್ನು ತಡೆಯುವ ಪಟ್ಟು ಎಂದು ಕೊನೆಗೆ ತೋರಿಸಿಕೊಡುತ್ತಾನೆ. ಎರಡನೆಯದರಲ್ಲಿ ಹುಡುಗ ಡೆಟ್ರಾಯಿಟ್‌ನಿಂದ ಬೀಜಿಂಗ್‌ಗೆ ಬರುತ್ತಾನೆ, ಕಲಿಯುವುದು ಕುಂಗ್‌ಫೂ, ಗುರು ಜಾಕಿ ಚಾನ್. ಇಲ್ಲಿ ಗುರು ಅವನಿಂದ ಜಾಕೆಟ್ಟನ್ನು ತೆಗೆಸಿ, ಕೆಳಗೆ ಹಾಕಿಸಿ, ಎತ್ತಿಸಿ, ಮೊಳೆಗೆ ತೂಗುಹಾಕಿಸಿ, ಮತ್ತೆ ತೊಡಿಸುತ್ತಾನೆ. ದಿನಗಟ್ಟಲೆ ಇದೇ ಕೆಲಸ. ಕುಂಗ್‌ಫೂ ಕಲಿಸುವ ಚಿತ್ರಕ್ಕೆ ಕರಾಟೆಯ ಹೆಸರನ್ನೇ ಉಳಿಸಿಕೊಂಡದ್ದು ವ್ಯಾಪಾರದ ಲೆಕ್ಕಾಚಾರವೆಂಬುದರಲ್ಲಿ ಸಂಶಯವಿಲ್ಲ. ಆದರೂ ಈ ರೀಮೇಕ್ ಬರಿಯ ನಕಲಲ್ಲ. ಗುರುವಿನ ಪಾತ್ರ ಅರ್ಹವಾದ ಮೈಗೆ ಸಿಕ್ಕಿದ್ದರಿಂದ ಅದಕ್ಕೆ ತನ್ನದೇ ಆದ ತೂಕ ಬಂದಿದೆ. ಬಾಲ್ಯದಲ್ಲಿ ಜಾಕಿ ಚಾನ್ ಹಾಂಗ್‌ಕಾಂಗ್‌ನಲ್ಲಿ ಪಳಗಿದ್ದು ಪೀಕಿಂಗ್ ಒಪೆರಾ ಎಂಬ ಚೀನೀ ಗೀತನಾಟಕದ ಶಾಲೆಯಲ್ಲಿ. ಸಮೊ ಹಂಗ್ ಮೊದಲಾದ ಹೊಡೆದಾಟದ ಚಿತ್ರಗಳ ನಟರೂ ಅದೇ ಶಾಲೆಯವರು. ಹಾಡು, ಅಭಿನಯ, ಲಾಗ, ಆಯುಧದ ವರಸೆ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತಿದ್ದ ರಂಗಭೂಮಿಯೇ ಹಾಂಗ್‌ಕಾಂಗ್‌ನ ಹೊಡೆದಾಟದ ಚಿತ್ರಕ್ಕೆ ಇಂಥ ಮೈಗಳನ್ನು ಒದಗಿಸಿತು.

ರೀಮೇಕ್ ಮೂಲಕ್ಕೆ ಮರುಮಾತನ್ನೂ ಆಡಬಲ್ಲುದು. ಗುರುವಿನ ಸಾವಿಗೆ ಜಪಾನೀಯರ ಮೇಲೆ ಸೇಡು ತೀರಿಸಿಕೊಳ್ಳುವ ಶಿಷ್ಯನನ್ನು ಬ್ರೂಸ್ ಲೀ 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಉರಿಯುವ ಕೋಪದಿಂದ ಅಭಿನಯಿಸಿದ್ದರೆ, 1994ರ ಮರುನಿರ್ಮಾಣದಲ್ಲಿ ಜೆಟ್ ಲೀ ಅಭಿನಯಿಸಿದ ಅದೇ ಶಿಷ್ಯ ಜಪಾನಿನಲ್ಲಿ ಓದಿದವನು, ಜಪಾನಿ ಹುಡುಗಿಯನ್ನು ಪ್ರೀತಿಸಿದವನು. ಕಥೆಯ ಎಲುಬು ಹಳೆಯದು, ದ್ವೇಷದ ಕುರಿತ ವಿಚಾರ ಹೊಸದು.

ಕನ್ನಡದ ಉದಾಹರಣೆ ನೋಡುವುದಾದರೆ 2004ರ ‘ಮೌರ್ಯ’ವಿದೆ. ಕಾಲನ್ನೂ ಬಳಸಿ ಕಾದುವ ಕಿಕ್‌ಬಾಕ್ಸಿಂಗ್‌ನ ಹಿನ್ನೆಲೆಯಿದ್ದ, 2003ರಲ್ಲಿ ಪುರಿ ಜಗನ್ನಾಥ್ ನಿರ್ದೇಶಿಸಿದ ತೆಲುಗು ಚಿತ್ರವನ್ನು ಎಸ್. ನಾರಾಯಣ್ ಪುನೀತ್ ರಾಜ್‌ಕುಮಾರ್ ಅವರಿಗಾಗಿ ಕನ್ನಡಕ್ಕೆ ತಂದರು. 2004ರಲ್ಲೇ ತಮಿಳಿನಲ್ಲೂ ಅದು ಮರುಹುಟ್ಟು ಪಡೆಯಿತು. ಈ ಕಥೆ ಅಷ್ಟು ಸಲೀಸಾಗಿ ಗಡಿ ದಾಟಿದ್ದಕ್ಕೆ ಕಾರಣ ಅದರ ಜೀವ ತಾಯಿ, ಮಗ ಮತ್ತು ದೂರವಾದ ತಂದೆಯ ಸಂಬಂಧದಲ್ಲಿ ಇದ್ದುದು. ಕಣದ ಕಾದಾಟ ಅದಕ್ಕೆ ಚೌಕಟ್ಟು ಮಾತ್ರ. ಪುನೀತರ ಮೈಯ ಚುರುಕು ಸ್ವಂತದ್ದು, ಪ್ರಶ್ನಾತೀತವಾದುದು. ಹಾಗಿದ್ದೂ ಆ ಹೊಡೆದಾಟಕ್ಕೆ ಕನ್ನಡ ನೆಲದ ಗುರುತು ಬೇಕೆಂದು ಕಥೆ ಕೇಳಲೇ ಇಲ್ಲ.

ಕೇಳಿದ್ದರೆ ಕೊಡುವುದಕ್ಕೆ ಈ ನೆಲದಲ್ಲಿ ಬೇಕಾದಷ್ಟಿತ್ತು. ಹೊನ್ನಾವರದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವಾಗಲಿ, ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಶ್ರೀಮಯ ಕೇಂದ್ರವಾಗಲಿ ಪಳಗಿಸುತ್ತಿರುವುದು ಹಾಂಗ್‌ಕಾಂಗ್‌ನ ಆ ಶಾಲೆ ಪಳಗಿಸಿದಂಥ ಮೈಯನ್ನೇ. ಬಡಗುತಿಟ್ಟು ಎಂಬ ಇಲ್ಲಿನ ಯಕ್ಷಗಾನ ಶೈಲಿಯ ವೇಷಧಾರಿ ಭಾರವಾದ ವೇಷಭೂಷಣ ಹೊತ್ತು, ಚೆಂಡೆಯ ಏರುಗತಿಗೆ ಮಂಡಿಯೂರಿ ಗಿರಗಿರನೆ ಸುತ್ತಿ, ಉಸಿರು ಕೆಡದಂತೆ ಎದ್ದು ಮಾತಿಗೆ ನಿಲ್ಲುತ್ತಾನೆ. ಯುದ್ಧವನ್ನು ತಾಳಕ್ಕೆ ಒಗ್ಗಿಸುವ ಈ ವಿದ್ಯೆಯ ಜಾಡು ಕನ್ನಡ ಚಿತ್ರಗಳ ಹೊಡೆದಾಟದ ದೃಶ್ಯಗಳಲ್ಲಿ ಕಾಣಸಿಗುವುದು ಅಪರೂಪ. ಸಿನಿಮಾ ಕಥೆಗಳನ್ನು ಆಧರಿಸಿದ ಪ್ರಸಂಗಗಳನ್ನು ಡೇರೆ ಹಾಕಿ ಆಡುವ ಯಕ್ಷಗಾನ ಮೇಳಗಳು ಆಡಿವೆ. ಎರವಲು ಆ ದಿಕ್ಕಿನಲ್ಲಿ ನಡೆದಷ್ಟು ಸಲೀಸಾಗಿ ಮೇಳದ ಮೈ ಚಿತ್ರರಂಗಕ್ಕೆ ದಾಟಲಿಲ್ಲ ಎಂಬುದು ನಿಜಕ್ಕೂ ವ್ಯಥೆಯ ಸಂಗತಿ.

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ ಈ ಚರ್ಚೆಗೆ ಹೊಸ ತಿರುವು ಕೊಟ್ಟಿತು. ಕಂಬಳ ಮತ್ತು ಭೂತಕೋಲದ ನೆಲದಲ್ಲಿ ಬೇರೂರಿದ ಆ ಚಿತ್ರ ಎರಡೇ ವಾರಗಳಲ್ಲಿ ಹಿಂದಿ ಮೊದಲಾದ ಭಾಷೆಗಳಿಗೆ ಹೋದದ್ದು ರೀಮೇಕ್ ಆಗಿ ಅಲ್ಲ, ಡಬ್ಬಿಂಗ್ ಮೂಲಕ. ಮಾತು ಬದಲಾಯಿತು, ಮೈ ಬದಲಾಗಲಿಲ್ಲ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ಕ್ಕಾಗಿ ಅದರ ನಾಯಕನಟ ರಿಷಬ್ ಶೆಟ್ಟಿಯವರು ಕೇರಳದ ಕಳರಿಪಯಟ್ಟು ಕಲಿತರು. ನಟನೊಬ್ಬ ವಿದ್ಯೆಗೆ ಹೀಗೆ ಮೈಯೊಡ್ಡುವುದು ಮೆಚ್ಚತಕ್ಕ ಸಂಗತಿ. ಎರವಲು ತರುವುದಿದ್ದರೆ ಕಥೆಯನ್ನಲ್ಲ, ಇಂಥ ಕಲಿಕೆಯನ್ನು ತರುವುದೇ ಮೇಲು. ಮುಂದೆ ಬರಲಿರುವ ಸಮರಕಲೆಯ ಚಿತ್ರದ ಜಾಹೀರಾತು, ಅದು ರೀಮೇಕ್ ಆಗಿರಲಿ ಆಗದಿರಲಿ, ಯಾರು ಯಾರ ಬಳಿ ಎಷ್ಟು ಕಾಲ ಕಲಿತರು ಎಂಬುದನ್ನು ಕರಪತ್ರದ ಕಲಾವಿದರ ಪಟ್ಟಿಯಷ್ಟು ಸ್ಪಷ್ಟವಾಗಿ ಹೇಳಿದರೆ, ಹೋಗಬೇಕೋ ಬೇಡವೋ ಎಂಬುದನ್ನು ಕರಾವಳಿಯ ಪ್ರೇಕ್ಷಕ ಕಥೆ ಕೇಳದೆಯೇ ನಿರ್ಧರಿಸಬಲ್ಲ.