ಶೇಕಡಾ 60 ಎಂದರೆ ಎಷ್ಟು ಮಂದಿ?

ಮಕ್ಕಳೇ, ‘ಲಸಿಕೆಯಿಂದ ರೋಗ ಶೇಕಡಾ 60ರಷ್ಟು ಇಳಿಯಿತು’ ಎಂಬ ಸುದ್ದಿ ಓದಿದರೆ ಏನೆಂದುಕೊಳ್ಳುವಿರಿ? ನೂರು ಮಕ್ಕಳಲ್ಲಿ 60 ಮಂದಿ ರೋಗದಿಂದ ಪಾರಾದರು ಎಂದೇ? ತಾಳಿ.

1954ರಲ್ಲಿ ಅಮೆರಿಕದಲ್ಲಿ ಜೋನಾಸ್ ಸಾಲ್ಕ್ ಅವರ ಪೋಲಿಯೊ ಲಸಿಕೆಯ ಪರೀಕ್ಷೆ ನಡೆಯಿತು. ಸುಮಾರು 2 ಲಕ್ಷ ಮಕ್ಕಳಿಗೆ ಲಸಿಕೆಯ ಚುಚ್ಚುಮದ್ದು, ಇನ್ನೂ ಸುಮಾರು 2 ಲಕ್ಷ ಮಕ್ಕಳಿಗೆ ಲಸಿಕೆಯಿಲ್ಲದ ಬರೀ ದ್ರವ. ಯಾರಿಗೆ ಯಾವುದು ಎಂಬುದು ಮಕ್ಕಳಿಗೂ ತಿಳಿಯದು, ವೈದ್ಯರಿಗೂ ತಿಳಿಯದು! ಬರೀ ದ್ರವ ಪಡೆದವರಲ್ಲಿ ಲಕ್ಷಕ್ಕೆ 71 ಮಂದಿಗೆ ಪೋಲಿಯೊ ಬಂತು. ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ 28. ಇಳಿದದ್ದು 43. ಇದು 71ರಲ್ಲಿ ಸುಮಾರು ಶೇಕಡಾ 60. ಲಕ್ಷದಲ್ಲಿ ಬರೀ 43. ಎರಡೂ ಸರಿಯೇ. ಆದರೆ ಮೊದಲನೆಯದನ್ನಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಹಾಕುವುದು ಅರ್ಧ ಲೆಕ್ಕ ಎಂದು ನನ್ನ ಅಭಿಪ್ರಾಯ. (ಅರ್ಧ ಲೆಕ್ಕಕ್ಕೆ ನಿಮ್ಮ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಾರೆಯೇ?)

‘ಲಕ್ಷಕ್ಕೆ 43 ತಾನೇ, ಲಸಿಕೆ ಏಕೆ?’ ಎನ್ನುವವರದೂ ಅರ್ಧ ಲೆಕ್ಕವೇ. ಒಂದು ಕೋಟಿ ಮಕ್ಕಳಿರುವ ಕಡೆ, ಇದೇ ಪ್ರಮಾಣದಲ್ಲಿ, ರೋಗದಿಂದ ಉಳಿಯುವವರು 4,300 ಮಕ್ಕಳು. ಅಷ್ಟು ಮಕ್ಕಳಿಂದ ನಿಮ್ಮ ಶಾಲೆಯಂಥ ಎಷ್ಟು ಶಾಲೆಗಳು ತುಂಬುತ್ತವೆ? ಹಾಜರಿ ಪುಸ್ತಕ ನೋಡಿ ನೀವೇ ಭಾಗಿಸಿ.