ಮಕ್ಕಳಾಟವೆಂದು ಕಡೆಗಣಿಸದಿರೋಣ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ತಾಯಿಯೊಬ್ಬರು ದೇವಾಲಯದ ಮೆಟ್ಟಿಲ ಬಳಿ ನಮ್ಮನ್ನು ಕಂಡು ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ಮಗ ಆರನೆಯ ತರಗತಿಯ ವಿದ್ಯಾರ್ಥಿ. ಹುಟ್ಟಿನಿಂದಲೇ ಶ್ರವಣದೋಷವಿರುವ ಕಾರಣ ಎರಡೂ ಕಿವಿಗಳಿಗೆ ಶ್ರವಣಯಂತ್ರ ಧರಿಸುತ್ತಾನೆ. ಸಹಪಾಠಿಗಳಲ್ಲಿ ಕೆಲವರು ಅವನ ಎದುರು ನಿಂತು, ಧ್ವನಿ ಹೊರಡಿಸದೆ ಬರಿಯ ತುಟಿಗಳನ್ನಾಡಿಸುತ್ತಾರೆ. ಯಂತ್ರ ಕೆಟ್ಟಿತೆಂದು ಗಾಬರಿಗೊಂಡ ಹುಡುಗ ಅದನ್ನು ತಡಕಾಡುವಾಗ ಸುತ್ತಲಿನವರೆಲ್ಲ ನಗುತ್ತಾರೆ. 'ಕಿವುಡ' ಎಂಬುದೇ ಅಲ್ಲಿ ಅವನ ಹೆಸರಾಗಿಬಿಟ್ಟಿದೆ. ಈಗ ಅವನು ಶಾಲೆಯ ಬಾಗಿಲು ದಾಟಿದೊಡನೆ ಯಂತ್ರಗಳನ್ನು ಕಳಚಿ ಚೀಲದೊಳಗೆ ಇರಿಸುತ್ತಾನೆ. ನಗೆಯೂ ಕೇಳಿಸದು, ಪಾಠವೂ ಕೇಳಿಸದು.

ತಾಯಿ ಶಾಲೆಗೆ ಹೋಗಿ ದೂರಿದಾಗ ದೊರೆತ ಉತ್ತರ, 'ಮಕ್ಕಳಾಟ'. ಎರಡನೆಯ ಸಲ ಹೋದಾಗ, ಅಂಕಗಳು ಇಳಿದಿವೆ, ವಿಶೇಷ ಶಾಲೆಗೆ ಸೇರಿಸಿದರೆ ಹುಡುಗನಿಗೇ ಒಳಿತು ಎಂಬ ಸಲಹೆ. ನೋಯಿಸಿದವರು ಉಳಿಯಬೇಕು, ನೊಂದವನು ಹೊರಡಬೇಕು, ಇದಾವ ನ್ಯಾಯ? ಆ ಶಾಲೆ ನಮ್ಮವರೇ ನಡೆಸುವ ಶಾಲೆ ಎಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು.

ಆ ತಾಯಿಯನ್ನು ಕಾಡುತ್ತಿದ್ದುದು ಮತ್ತೊಂದು ಅಳುಕು. ಬರವಣಿಗೆಯಲ್ಲಿ ದೂರು ಕೊಟ್ಟರೆ ಫಾದರ್, ಸಿಸ್ಟರ್ ಇವರ ಮನ ನೋಯಿಸಿದಂತಾಗದೇ? ಕ್ಷಮಿಸಿ ಸಹಿಸಿಕೊಳ್ಳುವುದೇ ಕ್ರೈಸ್ತ ಧರ್ಮವಲ್ಲವೇ? ನಮ್ಮ ಅನೇಕ ಕುಟುಂಬಗಳಲ್ಲಿ ಇದೇ ಭಾವನೆಯಿದೆ. ಆದರೆ ಕ್ಷಮೆ ನೊಂದವನು ಮನಸಾರೆ ಕೊಡಬೇಕಾದ ದಾನವೇ ಹೊರತು, ಅವನ ಬಾಯಿ ಮುಚ್ಚಿಸಲು ಇತರರು ಬಳಸುವ ಸಾಧನವಲ್ಲ. ಪ್ರಭುವಿನ ಶಿಲುಬೆಗೆ ಹೆಗಲು ಕೊಡಲು ಸಿರೇನಿನ ಸಿಮೋನನಿದ್ದ. ಹನ್ನೊಂದು ವರುಷದ ಬಾಲಕ ತನ್ನ ಶಿಲುಬೆಯನ್ನು ಒಬ್ಬನೇ ಹೊರಲಿ ಎನ್ನುವುದು ಯಾವ ಶುಭಸಂದೇಶದ ಬೋಧನೆ?

ನಾಡಿನ ಕಾನೂನೂ ಈ ಬಾಲಕನ ಪರವಾಗಿದೆ. 1995ರ ಕಾಯ್ದೆಯ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಭೇದವಿಲ್ಲದೆ ಪ್ರವೇಶ, ಆಟಪಾಠಗಳಲ್ಲಿ ಸಮಾನ ಅವಕಾಶ ಹಾಗೂ ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ದೊರೆಯಬೇಕೆಂದು ಅದರ 16ನೆಯ ಪ್ರಕರಣ ವಿಧಿಸುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರುಷದ ಮಗುವಿಗೆ, ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ಮಗುವಿನದು, ಹೊರಗೆ ಕಳುಹಿಸುವ ಅನುಕೂಲ ಶಾಲೆಯದಲ್ಲ. ಕಾನೂನು ಬಲ್ಲವರು ತುಂಟ ಬಾಲಕರನ್ನು ಠಾಣೆಗೆ ಎಳೆಯಬೇಕೆಂದು ನಾವು ಹೇಳುತ್ತಿಲ್ಲ. ತಾವು ಬೇಡುತ್ತಿರುವುದು ದಯೆಯನ್ನಲ್ಲ ಎಂಬ ಅರಿವು ಹೆತ್ತವರಿಗಿರಲಿ ಎಂಬುದಷ್ಟೇ ನಮ್ಮ ಆಶಯ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮಗುವಿನ ಮಾತನ್ನು ತಡೆಯದೆ ಆಲಿಸಿರಿ. ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಬಳಿಕ ಮುಖ್ಯೋಪಾಧ್ಯಾಯರಿಗೆ ಸೌಜನ್ಯದಿಂದ, ಆದರೆ ಸ್ಪಷ್ಟವಾಗಿ, ಮನವಿ ಬರೆದುಕೊಟ್ಟು ಪ್ರತಿಯೊಂದಕ್ಕೆ ಸಹಿ ಮಾಡಿಸಿಕೊಳ್ಳಿರಿ. 'ಗಮನಿಸುತ್ತೇವೆ' ಎಂಬ ಮಾತಿಗೆ ತೃಪ್ತರಾಗದೆ, ಊಟದ ವಿರಾಮದಲ್ಲಿ ಮೇಲ್ವಿಚಾರಣೆ ಯಾರದು, ಮಗು ತನ್ನ ದುಃಖವನ್ನು ಯಾವ ಶಿಕ್ಷಕರಲ್ಲಿ ಹೇಳಿಕೊಳ್ಳಬೇಕು, ಮತ್ತೆ ಎಂದು ಭೇಟಿಯಾಗೋಣ ಎಂದು ಕೇಳಿರಿ. ಒಬ್ಬಂಟಿಯಾಗಿ ಹೋಗಲು ಅಳುಕಾದರೆ ಧರ್ಮಕೇಂದ್ರದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ.

ಒಂದೊಂದು ತರಗತಿಯಲ್ಲಿ ಐವತ್ತು ಅರುವತ್ತು ಮಕ್ಕಳಿರುವಾಗ ಎಲ್ಲವನ್ನೂ ನೋಡಿಕೊಳ್ಳುವುದು ಹೇಗೆ ಎಂಬ ಶಿಕ್ಷಕರ ಅಳಲನ್ನು ನಾವು ಅರಿಯೆವೆಂದಲ್ಲ. ಆದರೆ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದಕ್ಕೆ, ಕರಿಹಲಗೆಯ ಕಡೆಗೆ ತಿರುಗಿ ಮಾತನಾಡದೆ ಮಕ್ಕಳಿಗೆ ಮುಖ ಕಾಣುವಂತೆ ಪಾಠ ಹೇಳುವುದಕ್ಕೆ, ಒಳ್ಳೆಯ ಮನಸ್ಸಿನ ಇಬ್ಬರು ಗೆಳೆಯರನ್ನು ಅವನಿಗೆ ಒದಗಿಸುವುದಕ್ಕೆ ಹಣ ಬೇಕಿಲ್ಲ.

ಈ ಹೊಣೆ ಶಾಲೆಗಷ್ಟೇ ಸೇರಿದ್ದಲ್ಲ. ಅಣಕಿಸಿದ ಮಕ್ಕಳೂ ಯಾರದೋ ಮನೆಯ ಮಕ್ಕಳು; ಬಹುಶಃ ನಮ್ಮವೇ. ಕುಂಟ, ಮೊದ್ದು, ತೊದಲ ಎಂಬ ಮಾತುಗಳನ್ನು ಅವರು ಕಲಿತದ್ದು ಎಲ್ಲಿ? ಇಂದು ರಾತ್ರಿ ಜಪಸರ ಮುಗಿಸಿ ಊಟಕ್ಕೆ ಕುಳಿತಾಗ, ಪರೀಕ್ಷೆಯ ಅಂಕಗಳ ಬದಲು, ನಿನ್ನ ತರಗತಿಯಲ್ಲಿ ಒಂಟಿಯಾಗಿ ಕುಳಿತು ಊಟ ಮಾಡುವವರು ಯಾರು ಎಂದು ಕೇಳಿ ನೋಡೋಣ.

ಜೆರಿಕೊ ಪಟ್ಟಣದ ಹೊರಗೆ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದವರು ಯೇಸುವಿನ ಶತ್ರುಗಳಲ್ಲ, ಅವರೊಡನೆ ನಡೆದಿದ್ದ ಜನರೇ. ಪ್ರಭು ನಿಂತರು, ಅವನನ್ನು ಕರೆತರುವಂತೆ ಹೇಳಿದರು, ನಿನಗಾಗಿ ನಾನೇನು ಮಾಡಲಿ ಎಂದು ಅವನನ್ನೇ ವಿಚಾರಿಸಿದರು. ಸುಮ್ಮನಿರೆಂದ ಗುಂಪೇ ಆಗ ಧೈರ್ಯ ಹೇಳುವ ಗುಂಪಾಯಿತೆಂದು ಸಂತ ಮಾರ್ಕನು ಬರೆದಿದ್ದಾನೆ. ನಾವೂ ಹಾಗೆ ಬದಲಾಗಬಲ್ಲೆವು. ಚೀಲದೊಳಗಿರುವ ಶ್ರವಣಯಂತ್ರ ಮತ್ತೆ ಆ ಬಾಲಕನ ಕಿವಿಗೇರುವ ದಿನ ನಮ್ಮ ಶಾಲೆ ಕ್ರೈಸ್ತ ಶಾಲೆಯೆಂಬ ಹೆಸರಿಗೆ ಯೋಗ್ಯವಾದೀತು.