ಕುತಂತ್ರಾಂಶಗಳು ಮತ್ತು ಮನೆಯ ಕಂಪ್ಯೂಟರ್
ಕೆಡುಕು ಮಾಡಲೆಂದೇ ಬರೆದ ತಂತ್ರಾಂಶಗಳನ್ನು ಕುತಂತ್ರಾಂಶ ಎನ್ನುತ್ತಾರೆ. ಎಲ್ಲವನ್ನೂ ವೈರಸ್ ಎಂದು ಕರೆಯುವ ರೂಢಿಯಿದ್ದರೂ ಇವುಗಳ ದಾರಿ ಬೇರೆ ಬೇರೆ. ವೈರಸ್ ಇನ್ನೊಂದು ಕಡತಕ್ಕೆ ಅಂಟಿಕೊಂಡಿದ್ದು, ಅದನ್ನು ತೆರೆದಾಗ ಎಚ್ಚರಗೊಳ್ಳುತ್ತದೆ. ವರ್ಮ್ ಯಾರ ನೆರವೂ ಇಲ್ಲದೆ ಜಾಲದ ಮೂಲಕ ತಾನೇ ಹರಡುತ್ತದೆ. ಟ್ರೋಜನ್ ಉಪಯುಕ್ತ ತಂತ್ರಾಂಶದ ವೇಷದಲ್ಲಿ ಒಳಬರುತ್ತದೆ. ಸ್ಪೈವೇರ್ ಪಾಸ್‌ವರ್ಡ್‌ಗಳನ್ನು ಸದ್ದಿಲ್ಲದೆ ಕದಿಯುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ರ‍್ಯಾನ್ಸಮ್‌ವೇರ್: ಮಕ್ಕಳ ಫೋಟೋ, ಮನೆಯ ಲೆಕ್ಕಪತ್ರ ಯಾವುದನ್ನೂ ಬಿಡದೆ ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತದೆ. 2017ರ ಮೇ 12ರಂದು ಹಬ್ಬತೊಡಗಿದ ವಾನಾಕ್ರೈ, ವರ್ಮ್‌ನಂತೆ ಹರಡುವ ರ‍್ಯಾನ್ಸಮ್‌ವೇರ್. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅದಕ್ಕೆ ಸಿಕ್ಕಿದವು. ಪರದೆಯ ಮೇಲೆ ಕೆಂಪು ಚೌಕಟ್ಟು ಮೂಡಿ, ಉಳಿದ ಸಮಯವನ್ನು ಎಣಿಸುತ್ತಾ, 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ನುಸುಳಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ಅಪ್‌ಡೇಟ್‌ಗಳನ್ನು ಮುಂದೂಡದಿರುವುದೇ ಮೊದಲ ರಕ್ಷಣೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಮತ್ತು ಫೈರ್‌ವಾಲ್ ಸದಾ ಚಾಲನೆಯಲ್ಲಿರಬೇಕು. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಖಾತೆ ಸಾಕು. ಕ್ರ್ಯಾಕ್ ಮಾಡಿದ ತಂತ್ರಾಂಶಗಳು ಬೇಡವೇ ಬೇಡ. ಇಮೇಲ್‌ನಲ್ಲಿ ಬಂದ ‘ಬಿಲ್.ಪಿಡಿಎಫ್.ಇಎಕ್ಸ್ಇ’ ಎಂಬಂಥ ಕಡತ ನೋಡಲು ಬಿಲ್ಲಿನಂತಿದ್ದರೂ, ಕೊನೆಯ ‘ಇಎಕ್ಸ್ಇ’ ಅದು ಪ್ರೋಗ್ರಾಮ್ ಎಂದು ಸಾರುತ್ತದೆ, ಅದನ್ನು ತೆರೆಯಬಾರದು. ಮುಖ್ಯ ಕಡತಗಳ ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿರಲಿ, ನಕಲು ಮುಗಿದೊಡನೆ ಅದರ ಕೇಬಲ್ ಕಳಚಿಡಬೇಕು. ಜೋಡಿಸಿಯೇ ಬಿಟ್ಟ ಡಿಸ್ಕ್‌ಗೂ ರ‍್ಯಾನ್ಸಮ್‌ವೇರ್ ಬೀಗ ಹಾಕಬಲ್ಲದು.